ನಾರದನ ಊರಲ್ಲಿ 249 ಗ್ರಾಂ ಲೆಕ್ಕ

ಹನುಮಪ್ಪನ ಗುಡಿ ಇಲ್ಲದ ಊರನ್ನು ಬಯಲುಸೀಮೆಯಲ್ಲಿ ಹುಡುಕುವುದು ಕಷ್ಟ. ನಾರದನಿಗೆ ಗುಡಿ ಕಟ್ಟಿದ ಊರನ್ನು ಹುಡುಕುವುದು ಇನ್ನೂ ಕಷ್ಟ. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಅಂಥದೊಂದು ಊರು. ಇಲ್ಲಿ ಜನ ಹರಕೆ ಹೊರುವುದು, ತೇರೆಳೆಯುವುದು ನಾರದಮುನಿಗೆ. ಪುರಾಣದ ಲೆಕ್ಕದಲ್ಲಿ ಆತ ತ್ರಿಲೋಕ ಸಂಚಾರಿ. ಯಾವ ಲೋಕದ ಗಡಿಯಲ್ಲೂ ಅವನನ್ನು ತಡೆದು ಕಾಗದ ಕೇಳಿದವರಿಲ್ಲ. ಮೇಲೆ ಹಾರಿ, ಕೆಳಗಿನದನ್ನೆಲ್ಲ ನೋಡಿ, ನೋಡಿದ್ದನ್ನು ನಾಲ್ಕು ಜನಕ್ಕೆ ಮುಟ್ಟಿಸುವುದು ಅವನ ಕಸುಬು. ಈಗ ಅದೇ ಕಸುಬನ್ನು ಅಂಗೈಯಗಲದ ಒಂದು ಯಂತ್ರ ಮಾಡುತ್ತದೆ. ಅದಕ್ಕೆ ಮಾತ್ರ ಒಂದು ನಂಬರು ಬೇಕು.

ಮದುವೆ ಹಂಗಾಮಿನಲ್ಲಿ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆ ಹಂದರದ ಮೇಲೆ ಜೇನುಹುಳದ ಸದ್ದು ಕೇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಹುಡುಗರು ಕತ್ತೆತ್ತಿ ಕೈಬೀಸುತ್ತಾರೆ, ಅಷ್ಟೆ. ಫೋಟೊಗ್ರಾಫರರ ಕೈಯಲ್ಲಷ್ಟೇ ಇದ್ದ ಡ್ರೋನ್ ಈಗ ಶೋಕಿಗೆ ಹಾರಿಸುವವರ ಕೈಗೂ ಬಂದಿದೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ಹಬ್ಬಕ್ಕೆ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬಂದು, ಕೆರೆ ಏರಿಯ ಮೇಲೆ ನಿಂತು ಊರನ್ನೆಲ್ಲ ಒಂದು ಸುತ್ತು ಹಾಕಿಸುತ್ತಾನೆ. ಕಾಯಿದೆ ಏನು ಎಂದು ಕೇಳಿದರೆ ಎರಡು ಉತ್ತರ ಬರುತ್ತವೆ. ‘ಇಷ್ಟು ಸಣ್ಣದಕ್ಕೆ ಏನೂ ಬೇಕಾಗಿಲ್ಲ’ ಎಂಬುದು ಒಂದು. ‘ಪೊಲೀಸರು ಕಂಡರೆ ಎತ್ತಿಕೊಂಡು ಹೋಗುತ್ತಾರೆ’ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ. ಮೊದಲನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಅಮೆರಿಕದಿಂದ ಬಂದದ್ದು.

ಅಮೆರಿಕದಲ್ಲಿ 250 ಗ್ರಾಂ ತೂಕದೊಳಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸುವವರಿಗೆ ನೋಂದಣಿ ಬೇಡ. ಈ ಗೆರೆಯನ್ನು ನೋಡಿಯೇ ಚೀನಾದ ಡಿಜೆಐ ಕಂಪನಿ 2019ರಲ್ಲಿ ಮ್ಯಾವಿಕ್ ಮಿನಿಯನ್ನು 249 ಗ್ರಾಂಗೆ ತೂಗಿಸಿ ಮಾರುಕಟ್ಟೆಗೆ ಬಿಟ್ಟಿತು. ಆಗ ಜಪಾನಿನಲ್ಲಿ ಗೆರೆ 200 ಗ್ರಾಂಗೆ ಇತ್ತು. ಅಲ್ಲಿಗೆಂದೇ ಕಂಪನಿ ಸಣ್ಣ ಬ್ಯಾಟರಿ ಹಾಕಿ 199 ಗ್ರಾಂನ ಬೇರೆ ಮಾದರಿಯನ್ನೇ ಮಾಡಿತು. ಕಾನೂನಿನ ಪುಸ್ತಕ ತೆರೆದಿಟ್ಟುಕೊಂಡು ತಕ್ಕಡಿ ಹಿಡಿದ ಕಾರ್ಖಾನೆ! ಡಬ್ಬಿಯ ಮೇಲಿನ 249 ಎಂಬ ಅಂಕಿ, ಯೂಟ್ಯೂಬಿನ ಇಂಗ್ಲಿಷ್ ವಿಡಿಯೊಗಳು, ‘ನೋಂದಣಿ ಬೇಡ’ ಎಂಬ ಮಾತು ಎಲ್ಲವೂ ಒಟ್ಟಿಗೇ ನಮ್ಮೂರಿಗೆ ಬಂದು ಇಳಿದವು. ಆದರೆ ಭಾರತದ ನಿಯಮ ಬೇರೆ. ಇಲ್ಲಿ 250 ಗ್ರಾಂವರೆಗಿನದು ‘ನ್ಯಾನೊ’. ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ, ವಿಮೆ ಬೇಡ, ಮಾದರಿ ಪ್ರಮಾಣಪತ್ರವೂ ಬೇಡ. ನೋಂದಣಿ ಸಂಖ್ಯೆ ಮಾತ್ರ ಬೇಕು.

ಈ ನಿಯಮಗಳಿಗೆ ‘ಡ್ರೋನ್ ನಿಯಮಗಳು, 2021’ ಎಂದು ಹೆಸರು. 2021ರ ಆಗಸ್ಟ್ ಕೊನೆಯ ವಾರದಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ಹೊರಡಿಸಿತು. ಅಲ್ಲಿಗೆ ಬರುವ ಮುಂಚಿನ ದಾರಿ ಸ್ವಲ್ಪ ಅಂಕುಡೊಂಕು. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಖಾಸಗಿಯವರು ಡ್ರೋನ್ ಹಾರಿಸುವುದಕ್ಕೇ ತಡೆ ಹಾಕಿತ್ತು. ತಡೆ ಕಾಗದದಲ್ಲಿ ಉಳಿಯಿತು, ಡ್ರೋನು ಮದುವೆ ಮನೆಯಲ್ಲಿ ಹಾರಿತು. 2018ರ ಡಿಸೆಂಬರ್ 1ರಿಂದ ‘ಡಿಜಿಟಲ್ ಸ್ಕೈ’ ಎಂಬ ಜಾಲತಾಣದ ಜೊತೆ ಮೊದಲ ವ್ಯವಸ್ಥಿತ ನಿಯಮ ಬಂತು. 2020ರ ಜನವರಿ 14ರಿಂದ 31ರವರೆಗೆ, ‘ನಿಮ್ಮ ಹತ್ತಿರ ಡ್ರೋನ್ ಇದ್ದರೆ ತಾವಾಗಿಯೇ ಹೇಳಿಬಿಡಿ’ ಎಂದು ಸರ್ಕಾರ ಒಂದು ಅವಕಾಶ ಕೊಟ್ಟಿತು. ಹೇಳಿಕೊಂಡವರಿಗೆ ಸ್ವೀಕೃತಿ ಸಂಖ್ಯೆ ಸಿಕ್ಕಿತು. 2021ರ ಮಾರ್ಚ್‌ನಲ್ಲಿ ಬಂದ ಇನ್ನೊಂದು ನಿಯಮಾವಳಿ ಎಷ್ಟು ಬಿಗಿಯಾಗಿತ್ತೆಂದರೆ 25 ನಮೂನೆಗಳು, 72 ಬಗೆಯ ಶುಲ್ಕಗಳು. ಅದರ ಆಯುಷ್ಯ ಆರೇ ತಿಂಗಳು. ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನಿನಿಂದ ಬಾಂಬು ಬಿದ್ದಾಗ, ಇನ್ನು ನಿಯಮ ಇನ್ನಷ್ಟು ಬಿಗಿಯಾಗುತ್ತದೆ ಎಂದೇ ಎಲ್ಲರೂ ಎಣಿಸಿದ್ದರು. ಆದದ್ದು ತಿರುವುಮುರುವು. ಎರಡು ತಿಂಗಳಲ್ಲಿ ನಮೂನೆಗಳು ಐದಕ್ಕೆ ಇಳಿದವು, ಶುಲ್ಕದ ಬಗೆಗಳು ನಾಲ್ಕಕ್ಕೆ.

ಇವತ್ತಿಗೂ ನಡೆಯುತ್ತಿರುವುದು, ಒಂದೆರಡು ತಿದ್ದುಪಡಿಗಳ ಜೊತೆ, ಆ ಆಗಸ್ಟಿನ ನಿಯಮವೇ.

ಅದರಲ್ಲಿ ತೂಕದ್ದೇ ಆಟ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ, 25 ಕಿಲೊವರೆಗೆ ಸಣ್ಣದು, 150 ಕಿಲೊವರೆಗೆ ಮಧ್ಯಮ, ಅದಕ್ಕೂ ಮೇಲೆ ದೊಡ್ಡದು. ಲೆಕ್ಕಕ್ಕೆ ಬರುವುದು ಹಾರುವ ಹೊತ್ತಿನ ಒಟ್ಟು ತೂಕ: ಬ್ಯಾಟರಿ, ಕ್ಯಾಮೆರಾ, ಮೇಲೆ ಕಟ್ಟಿದ ದೀಪ ಎಲ್ಲ ಸೇರಿ. 249 ಗ್ರಾಂನ ಯಂತ್ರಕ್ಕೆ ಮಕ್ಕಳ ಬೆರಳಿಗೆ ತಾಗದಿರಲಿ ಎಂದು ರೆಕ್ಕೆಯ ಸುತ್ತ ಪ್ಲಾಸ್ಟಿಕ್ ಬಳೆ ತೊಡಿಸಿದರೂ ಅದು ನ್ಯಾನೊ ಜಾತಿಯಿಂದ ಮೈಕ್ರೊ ಜಾತಿಗೆ ದಾಟಿಬಿಡುತ್ತದೆ. ಸುರಕ್ಷೆಗೆಂದು ಹಾಕಿದ ಬಳೆಯೇ ಕಾಗದಪತ್ರದ ಭಾರ ಹೆಚ್ಚಿಸುವುದು ವಿಚಿತ್ರ. ಆದರೂ ನಿಯಮದಲ್ಲಿ ಇರುವುದು ಹಾಗೆಯೇ.

ಮೈಕ್ರೊ ಆದರೂ ಹವ್ಯಾಸಕ್ಕೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ. ದುಡ್ಡಿಗೆ ಹಾರಿಸಿದರೆ ಬೇಕು. ಒಂದೇ ಯಂತ್ರ, ಒಂದೇ ಹಂದರ. ತಂಗಿಯ ಮದುವೆಯಲ್ಲಿ ಅಣ್ಣ ಪ್ರೀತಿಗೆ ಹಾರಿಸಿದರೆ ಒಂದು ನಿಯಮ, ಮರುವಾರ ಪಕ್ಕದ ಊರಿನ ಮದುವೆಯಲ್ಲಿ ಬಾಡಿಗೆಗೆ ಹಾರಿಸಿದರೆ ಇನ್ನೊಂದು. ಪ್ರಮಾಣಪತ್ರ ಪಡೆಯಲು 18ರಿಂದ 65ರೊಳಗಿನ ವಯಸ್ಸು, ಹತ್ತನೇ ತರಗತಿ ಪಾಸು, ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. ಶುಲ್ಕ 100 ರೂಪಾಯಿ, ಅವಧಿ 10 ವರ್ಷ. ಮೊದಲು ಪಾಸ್‌ಪೋರ್ಟ್ ಕೇಳುತ್ತಿದ್ದರು. ಹಳ್ಳಿಯ ಹುಡುಗರಿಗೆ ಅದು ತೊಡಕೆಂದು 2023ರ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟು, ಸರ್ಕಾರ ಕೊಟ್ಟ ಬೇರೆ ಗುರುತಿನ ಮತ್ತು ವಿಳಾಸದ ದಾಖಲೆ ಸಾಕು ಎಂದರು. ಮೆಕ್ಕೆಜೋಳದ ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನುಗಳು 2 ಕಿಲೊ ಗೆರೆ ದಾಟಿದ ಭಾರಿ ಯಂತ್ರಗಳು. ಅವಕ್ಕೆ ಈ ರಿಯಾಯಿತಿ ಯಾವುದೂ ಇಲ್ಲ.

ಈಗ ನೋಂದಣಿಗೆ ಬರೋಣ. ಸಿಗುವುದು ವಾಹನದ ನಂಬರ್ ಪ್ಲೇಟಿನಂಥ ಒಂದು ವಿಶಿಷ್ಟ ಗುರುತಿನ ಸಂಖ್ಯೆ. ಶುಲ್ಕ ಮತ್ತೆ 100 ರೂಪಾಯಿ. ಡ್ರೋನಿನ ಕ್ರಮಸಂಖ್ಯೆ, ಅದರೊಳಗಿನ ಹಾರಾಟ ನಿಯಂತ್ರಕದ ಸಂಖ್ಯೆ, ಕೈಯಲ್ಲಿ ಹಿಡಿಯುವ ರಿಮೋಟಿನ ಸಂಖ್ಯೆ ಮೂರನ್ನೂ ಆ ಗುರುತಿಗೆ ಕಟ್ಟಿಹಾಕುತ್ತಾರೆ. ಮಾರಿದರೆ ಹೊಸ ಮಾಲೀಕನ ಹೆಸರಿಗೆ ವರ್ಗ ಮಾಡಿಸಬೇಕು, ಕಳೆದುಹೋದರೆ ನೋಂದಣಿ ರದ್ದು ಮಾಡಿಸಬೇಕು. ಕೇಳಲು ಸಲೀಸು. ತೊಡಕಿರುವುದು ಬೇರೆ ಕಡೆ. 2022ರ ಫೆಬ್ರುವರಿ 9ರಂದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಸಿದ್ಧ ಡ್ರೋನುಗಳ ಆಮದನ್ನೇ ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ. ಬಿಡಿಭಾಗ ತರಬಹುದು, ಜೋಡಿಸಿದ ಡ್ರೋನ್ ತರುವಂತಿಲ್ಲ. ಹಾಗಿದ್ದರೂ ದುಬೈಯಿಂದ, ಸಿಂಗಪುರದಿಂದ ಬರುವವರ ಬ್ಯಾಗಿನಲ್ಲಿ ಅವು ಬರುತ್ತಲೇ ಇವೆ. ಬಿಲ್ಲಿಲ್ಲದ, ಆಮದಿನ ಕಾಗದವಿಲ್ಲದ ಅಂಥ ಯಂತ್ರವನ್ನು ಪ್ರಾಮಾಣಿಕವಾಗಿ ನೋಂದಾಯಿಸುತ್ತೇನೆಂದು ಹೊರಟವನಿಗೂ ದಾರಿ ಸಿಗುವುದಿಲ್ಲ. 249 ಗ್ರಾಂನ ಡ್ರೋನುಗಳಲ್ಲಿ ಜನಪ್ರಿಯವಾದವು ವಿದೇಶದವೇ ಆದ್ದರಿಂದ, ನಿಯಮ ಪಾಲಿಸಬೇಕೆನ್ನುವ ಹವ್ಯಾಸಿ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸುತ್ತಾನೆ. ಈ ನಿಯಮಾವಳಿಯ ಅತಿ ದೊಡ್ಡ ಬಿರುಕು ಇದೇ. ಕೊಳ್ಳುವ ಮುನ್ನ ಅಂಗಡಿಯವನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದಲ್ಲ, ಜಿಎಸ್‌ಟಿ ಬಿಲ್ಲು ಕೊಡುತ್ತೀರಾ, ನೋಂದಣಿ ಆಗುತ್ತದಾ ಎಂಬುದು. ಸ್ವಂತ ಬಳಕೆಯ ಡ್ರೋನಿನ ಮೇಲೆ ಶೇ 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿಲ್ಲದೆ ಕೊಂಡು ತೆರಿಗೆ ಉಳಿಸುವ ಆಸೆಗೆ ಈಗ ಅಷ್ಟು ಅರ್ಥವೂ ಇಲ್ಲ.

ನಂಬರು ಸಿಕ್ಕ ಮೇಲೆ ಎಲ್ಲಿ ಬೇಕಾದರೂ ಹಾರಿಸಬಹುದೇ? ಅದಕ್ಕೆ ಉತ್ತರ ಒಂದು ನಕ್ಷೆಯಲ್ಲಿದೆ. 2021ರ ಸೆಪ್ಟೆಂಬರ್ 24ರಂದು ಸರ್ಕಾರ ಇಡೀ ದೇಶದ ಆಕಾಶಕ್ಕೆ ಬಣ್ಣ ಬಳಿದ ನಕ್ಷೆಯನ್ನು ಜಾಲತಾಣದಲ್ಲಿ ಹಾಕಿತು. ಹಸಿರು ವಲಯದಲ್ಲಿ 400 ಅಡಿವರೆಗೆ, ಅಂದರೆ ಸುಮಾರು 120 ಮೀಟರ್‌ವರೆಗೆ, ಯಾರ ಅನುಮತಿಯೂ ಬೇಡ. ಅದಕ್ಕಿಂತ ಮೇಲೆ ಹೋದರೆ ಹಸಿರು ಹಳದಿಯಾಗುತ್ತದೆ, ವಿಮಾನ ಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು. ವಿಮಾನ ನಿಲ್ದಾಣದ ಆವರಣದಿಂದ 5ರಿಂದ 8 ಕಿಲೊಮೀಟರ್‌ವರೆಗೆ ನೆಲದಿಂದಲೇ ಹಳದಿ. 8ರಿಂದ 12 ಕಿಲೊಮೀಟರ್‌ವರೆಗೆ 200 ಅಡಿ ದಾಟಿದರೆ ಹಳದಿ. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನ್ಯಾನೊ ಆದರೂ ನಕ್ಷೆಯಿಂದ ಬಿಡುಗಡೆ ಇಲ್ಲ. ತೂಕದ ರಿಯಾಯಿತಿ ಕಾಗದಪತ್ರಕ್ಕೆ ಸಂಬಂಧಿಸಿದ್ದು, ಆಕಾಶಕ್ಕಲ್ಲ.

ಚಿಗಟೇರಿಯ ಮಟ್ಟಿಗೆ ಇದು ಒಳ್ಳೆಯ ಸುದ್ದಿಯೇ. ತೋರಣಗಲ್ಲಿನ ವಿದ್ಯಾನಗರ, ಹುಬ್ಬಳ್ಳಿ, ಶಿವಮೊಗ್ಗದ ಸೋಗಾನೆ ಯಾವ ವಿಮಾನ ನಿಲ್ದಾಣವೂ 12 ಕಿಲೊಮೀಟರಿನ ಲೆಕ್ಕಕ್ಕೆ ಬರುವಷ್ಟು ಹತ್ತಿರವಿಲ್ಲ. ಹಾಗೆಂದು ಸುತ್ತಲಿನ ಆಕಾಶವೆಲ್ಲ ಖಾಲಿ ಎಂದುಕೊಳ್ಳುವಂತಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ದೇಶದ ಮಾನವರಹಿತ ವಿಮಾನಗಳು ಹಾರಲು ಕಲಿಯುವ ಶಾಲೆ ಅದು. ಇಸ್ರೊದ ರೆಕ್ಕೆಯುಳ್ಳ ರಾಕೆಟ್ ಮಾದರಿ 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ ತಾನೇ ಬಂದು ಇಳಿದದ್ದೂ ಅಲ್ಲಿಯ ಓಡುದಾರಿಯ ಮೇಲೆ. ಅಂಥ ಕಡೆ ಆಟದ ಡ್ರೋನ್ ತೆಗೆದುಕೊಂಡು ಹೋಗುವುದು ರೈಲು ಹಳಿಯ ಮೇಲೆ ಬುಗುರಿ ಆಡಿಸಿದಂತೆ.

ದೊಡ್ಡವರ ಡ್ರೋನೂ ಬೀಳುತ್ತದೆ ಎಂಬುದನ್ನು ಆ ಸೀಮೆಯ ರೈತರು ಕಣ್ಣಾರೆ ಕಂಡಿದ್ದಾರೆ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಡಿಆರ್‌ಡಿಒದ ಪರೀಕ್ಷಾ ಡ್ರೋನುಗಳು ಬಿದ್ದವು. ಎರಡು ಸಲವೂ ಜೀವಹಾನಿ ಆಗಲಿಲ್ಲ. ವದ್ದಿಕೆರೆಯಲ್ಲಿ ಬಿದ್ದ ತಪಸ್ ಡ್ರೋನಿನ ರೆಕ್ಕೆಯ ಹರವು ಸುಮಾರು 20 ಮೀಟರ್. ಸುತ್ತಲಿನ ಹಳ್ಳಿಗಳ ಜನ ಜಾತ್ರೆಗೆ ಬಂದಂತೆ ಬಂದು ನೋಡಿದರು. ಸೇನೆಯ ಯಂತ್ರಗಳಿಗೆ ನಾಗರಿಕ ಡ್ರೋನ್ ನಿಯಮ ಅನ್ವಯಿಸುವುದಿಲ್ಲ. ನಿಮ್ಮ ಡ್ರೋನ್ ಬಿದ್ದು ಯಾರಿಗಾದರೂ ಪೆಟ್ಟಾದರೆ ಮಾತ್ರ 48 ಗಂಟೆಯೊಳಗೆ ಡಿಜಿಸಿಎಗೆ ವರದಿ ಮಾಡಬೇಕು.

120 ಮೀಟರ್ ಎಂದರೆ ಎಷ್ಟೆತ್ತರ ಎಂಬುದು ಬಯಲಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಹರಪನಹಳ್ಳಿ ಸೀಮೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಒಂದು ಅಂದಾಜು ಕೊಡುತ್ತವೆ. ದೊಡ್ಡ ಯಂತ್ರದ ರೆಕ್ಕೆಯ ತುದಿ ಮೇಲಕ್ಕೆ ಹೋದಾಗ ಮುಟ್ಟುವ ಎತ್ತರ ಹೆಚ್ಚುಕಡಿಮೆ ಅದೇ, ಕೆಲವು ಅದನ್ನೂ ಮೀರುತ್ತವೆ. ಗಾಳಿಯಂತ್ರ ನೆಟ್ಟ ಕಡೆ ಗಾಳಿ ಇದ್ದೇ ಇರುತ್ತದೆ ಎಂಬುದನ್ನೂ ಮರೆಯಬಾರದು. ಆಷಾಢದ ಗಾಳಿಗೆ ಕಾಲು ಕಿಲೊ ತೂಗದ ಯಂತ್ರ ಒಣ ಎಲೆಯಂತೆ. ಹೋಗುವಾಗ ಗಾಳಿಯ ಬೆನ್ನೇರಿ ಸುಲಭವಾಗಿ ಹೋದದ್ದು ಹಿಂದಿರುಗುವಾಗ ಎದುರುಗಾಳಿಗೆ ಬ್ಯಾಟರಿ ಖಾಲಿ ಮಾಡಿಕೊಂಡು ಯಾರದೋ ಜೋಳದ ಹೊಲದಲ್ಲಿ ಕೂರುತ್ತದೆ. ಹವ್ಯಾಸಿಗಳ ಡ್ರೋನ್ ಕಣ್ಣಳತೆಯಲ್ಲೇ ಇರಬೇಕೆಂದು ಹೇಳುವುದು ಇದಕ್ಕೂ ಹೌದು. ಮೊಬೈಲಿನ ಪರದೆಯಲ್ಲಿ ಕಾಣುತ್ತದೆ ಎಂಬುದು ಕಣ್ಣಿಗೆ ಕಂಡಂತಲ್ಲ. ಅಡ್ಡ ಬಂದ ಹದ್ದು, ಹಿಂದಿನಿಂದ ಬಂದ ಹೆಲಿಕಾಪ್ಟರು ಪರದೆಗೆ ಕಾಣುವುದಿಲ್ಲ. ಜನರಿರುವ ವಿಮಾನ ಬಂದರೆ ದಾರಿ ಬಿಡಬೇಕಾದದ್ದು ಯಾವಾಗಲೂ ಡ್ರೋನೇ. ಹಂಪಿ ಉತ್ಸವದ ದಿನಗಳಲ್ಲಿ ಪ್ರವಾಸಿಗರನ್ನು ಹೊತ್ತ ಹೆಲಿಕಾಪ್ಟರುಗಳು ತಗ್ಗಿನಲ್ಲೇ ಸುತ್ತುತ್ತಿರುತ್ತವೆ. ಹಂಪಿಯ ಸ್ಮಾರಕಗಳ ಮೇಲಂತೂ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಇಲ್ಲದೆ ಯಾವ ದಿನವೂ ಹಾರಿಸುವಂತಿಲ್ಲ.

ಮನುಷ್ಯರಿಗಿಂತ ಮೊದಲು ಡ್ರೋನಿನಿಂದ ತೊಂದರೆ ಪಡುವವರು ಹಕ್ಕಿಗಳು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು. 2024ರ ಜನವರಿ ಕೊನೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ಪಟ್ಟಿಯನ್ನೂ ಸೇರಿತು. ನೀರಿನಲ್ಲಿ ಮುಳುಗಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮೇಲಿನಿಂದ ನೋಡಿದರೆ ಚಿತ್ರದಂಥ ದೃಶ್ಯ. ಅದಕ್ಕೇ ಅಲ್ಲಿ ಡ್ರೋನ್ ಹಾರಿಸುವ ಆಸೆ ಹುಟ್ಟುತ್ತದೆ. ಆದರೆ ಮೇಲಿನಿಂದ ಇಳಿಯುವ ಸದ್ದು ಮಾಡುವ ವಸ್ತು ಕೊಕ್ಕರೆಯ ಲೆಕ್ಕದಲ್ಲಿ ಹದ್ದು. ತಾಯಿ ಗಾಬರಿಯಿಂದ ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೆ, ಮರಿ ಕಾಗೆಯ ಬಾಯಿಗೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದಲ್ಲೂ ಇದೇ ಮಾತು. ಅಭಯಾರಣ್ಯದೊಳಗೆ ವನ್ಯಜೀವಿಗೆ ಕಾಟ ಕೊಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಪರಾಧ. ನಕ್ಷೆ ಹಸಿರು ತೋರಿಸಿತು ಎಂಬ ನೆಪ ಅರಣ್ಯ ಇಲಾಖೆಯ ಮುಂದೆ ನಡೆಯುವುದಿಲ್ಲ.

ಹಳ್ಳಿಯ ಡ್ರೋನಿಗೆ ಇನ್ನೊಂದು ತಕರಾರು ಮಾಳಿಗೆಯದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಪ್ಪಳ ಹಾಕುವ, ತಲೆ ಒಣಗಿಸುವ, ರಾತ್ರಿ ಅಲ್ಲೇ ಮಲಗುವ ಮನೆಗಳಿಗೆ ಗೋಡೆ ಇರುವುದು ನಾಲ್ಕು ಕಡೆಗೆ, ಮೇಲಕ್ಕಲ್ಲ. ಹಳ್ಳಿಯ ಮನೆ ಜಾಗಗಳನ್ನು ಅಳೆಯುವ ಸ್ವಾಮಿತ್ವ ಯೋಜನೆಯಲ್ಲಿ ಸರ್ವೆ ಡ್ರೋನ್ ಬರುವ ಮುಂಚೆ ಊರಿನವರೇ ತಮ್ಮ ಜಾಗದ ಗಡಿಗೆ ಸುಣ್ಣದ ಗೆರೆ ಎಳೆದರು. ಮೇಲಿನಿಂದ ಕಾಣಲಿ ಎಂದೇ ಎಳೆದದ್ದು. ಊರಿಗೆ ಮೊದಲೇ ಹೇಳಿ ಬಂದ ಡ್ರೋನ್ ಅದು. ಹೇಳದೆ ಕೇಳದೆ ಬಂದು ಹಿತ್ತಲ ಮೇಲೆ ನಿಂತದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆ ಕಲಮುಗಳಿವೆ. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಇಣುಕಿ ನೋಡುವುದು, ಚಿತ್ರೀಕರಿಸುವುದು 77ನೇ ಕಲಮು. ಜನರ ಪ್ರಾಣಕ್ಕೆ ಅಪಾಯವಾಗುವಂತೆ ಉಡಾಫೆಯಿಂದ ನಡೆದುಕೊಳ್ಳುವುದು 125ನೇ ಕಲಮು. ಡ್ರೋನ್ ನಿಯಮವನ್ನೇ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ. ಇದನ್ನು ಇನ್ನಷ್ಟು ಬಿಗಿ ಮಾಡಿ, ಜೈಲು ಶಿಕ್ಷೆಯನ್ನೂ ಸೇರಿಸಿ, ಡ್ರೋನಿಗೇ ಪ್ರತ್ಯೇಕ ಕಾಯ್ದೆ ತರುವ ಕರಡು ಮಸೂದೆಯನ್ನು ಕೇಂದ್ರ 2025ರ ಸೆಪ್ಟೆಂಬರ್‌ನಲ್ಲಿ ಜನರ ಅಭಿಪ್ರಾಯಕ್ಕೆ ಬಿಟ್ಟಿತ್ತು.

ಇನ್ನು ಜಾತ್ರೆ. ಈ ಸೀಮೆಯಲ್ಲಿ ಡ್ರೋನಿನ ಕಣ್ಣು ಬೀಳುವುದೇ ತೇರಿನ ಮೇಲೆ, ಅಪಾಯ ಹೆಚ್ಚಿರುವುದೂ ಅಲ್ಲೇ. ಕೊಟ್ಟೂರು ಗುರುಬಸವೇಶ್ವರನ ತೇರಿನ ಬೀದಿಯಲ್ಲಿ ತಲೆಯ ಮೇಲೆ ತಲೆ. 2017ರ ಫೆಬ್ರುವರಿ 21ರಂದು ಅದೇ ತೇರು ಅಚ್ಚು ಮುರಿದು ಉರುಳಿದ್ದನ್ನು ಕಂಡವರಿಗೆ, ಆ ಗುಂಪಿನಲ್ಲಿ ಸಣ್ಣದೊಂದು ಗಾಬರಿ ಏನು ಮಾಡಬಲ್ಲದೆಂಬುದು ಗೊತ್ತು. ತೇರಿನತ್ತ ಬಾಳೆಹಣ್ಣು, ಉತ್ತತ್ತಿ ತೂರುವ ಪದ್ಧತಿ ಬೇರೆ. ಬಾಳೆಹಣ್ಣಿನ ಒಂದು ಪೆಟ್ಟು ಸಾಕು, ಕಾಲು ಕಿಲೊದ ಯಂತ್ರ ತಿರುಗುವ ರೆಕ್ಕೆಗಳ ಸಮೇತ ಜನರ ಮೇಲೆ ಬೀಳಲು. ಇಂಥ ದಿನಗಳಿಗೆಂದೇ ನಿಯಮದಲ್ಲಿ ಒಂದು ಅಸ್ತ್ರವಿದೆ. ರಾಜ್ಯ ಸರ್ಕಾರ ಅಥವಾ ಪೊಲೀಸರು ಯಾವ ಜಾಗವನ್ನಾದರೂ ಒಮ್ಮೆಗೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಸಾರಬಹುದು. ಆದೇಶ ಹೊರಡಿಸುವವರು ಪೊಲೀಸ್ ವರಿಷ್ಠಾಧಿಕಾರಿ ದರ್ಜೆಗೆ ಕಡಿಮೆ ಇರಬಾರದು. ಬೆಳಿಗ್ಗೆ ಹಸಿರಿದ್ದ ಬೀದಿ ಸಂಜೆಗೆ ಕೆಂಪಾಗಿರಬಹುದು. ಮುಖ್ಯಮಂತ್ರಿ ಬರುವ ದಿನ, ಚುನಾವಣಾ ಸಭೆಯ ದಿನ ಹಾರಿಸಲು ಹೊರಟವರು ಸಿಕ್ಕಿಬೀಳುವುದು ಹೀಗೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಕಾರಣಿಕ ಕೇಳಲು ಲಕ್ಷಾಂತರ ಜನ ಡೆಂಕನಮರಡಿಯಲ್ಲಿ ಸೇರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದ ಕ್ಷಣ ಇಡೀ ಬಯಲು ಉಸಿರು ಬಿಗಿಹಿಡಿಯುತ್ತದೆ. ಬರುವುದು ಒಂದೇ ಸಾಲಿನ ನುಡಿ, ಅದನ್ನು ಕೇಳಿಸಿಕೊಳ್ಳಲು ಜನ ಎತ್ತಿನಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ನೂರಾರು ಮೈಲಿ ಬಂದಿರುತ್ತಾರೆ. ಮಳೆ ಹೇಗೆ, ಬೆಳೆ ಹೇಗೆ, ರಾಜಕೀಯ ಯಾರ ಕಡೆ ಎಂಬ ಅರ್ಥವನ್ನು ಆಮೇಲೆ ಊರೂರಲ್ಲಿ ಬಿಡಿಸುತ್ತಾರೆ. ಆ ಮೌನದ ಚಿತ್ರ ಮೇಲಿನಿಂದ ಹೇಗೆ ಕಾಣಬಹುದೆಂದು ಯಾವ ಹವ್ಯಾಸಿಗೂ ಆಸೆಯಾಗುವುದು ಸಹಜ. ಆದರೆ ನಾಲ್ಕು ರೆಕ್ಕೆಗಳ ಗುಂಯ್‌ಗುಡುವಿಕೆಯನ್ನು ‘ಸದ್ದಲೇ’ ಎಂದು ಸುಮ್ಮನಾಗಿಸಲು ಬರುವುದಿಲ್ಲ. ಹುಣ್ಣಿಮೆ ಯಾವತ್ತು ಎಂಬುದು ಪಂಚಾಂಗದಲ್ಲಿ ವರ್ಷ ಮೊದಲೇ ಇರುತ್ತದೆ. ಜಾತ್ರೆಗೆ ನಾಲ್ಕು ದಿನ ಮುಂಚೆ ಹಡಗಲಿಯ ಪೊಲೀಸರಿಗೆ ಒಂದು ಫೋನ್ ಮಾಡಿದರೆ ಆ ವಾರ ಆಕಾಶದ ಬಣ್ಣ ಯಾವುದೆಂದು ತಿಳಿಯುತ್ತದೆ.